ನಾಲ್ಕು ಬೆರಳು ಹೆಚ್ಚಿನ ದಾರ

ಹಲಸಿ
14 ಜುಲೈ 2024

ಚಿರಂಜೀವಿ ಓಂಕಾರನಿಗೆ ಅಕ್ಕ ನೇತ್ರಾಳ ಶರಣು.

ಬಸ್ಸಿನಲ್ಲಿ ರೊಟ್ಟಿಯ ಖಾಲಿ ಚೀಲ ಬಂತು, ಅದರ ತಳದಲ್ಲಿ ನಿನ್ನ ಚೀಟಿಯೂ ಬಂತು. ರೊಟ್ಟಿ ಮೆತ್ತಗಿದ್ದವೋ ಬಿರುಸಾಗಿದ್ದವೋ ಒಂದು ಮಾತಿಲ್ಲ. ಶೇಂಗಾ ಚಟ್ನಿಗೆ ಉಪ್ಪು ಸಾಕಾಯಿತೋ ಇಲ್ಲವೋ ಅದೂ ಇಲ್ಲ. “ಅಕ್ಕಾ, ಶ್ರಾವಣಕ್ಕ ಒಂದು ಶಿವದಾರ ಮಾಡಿ ಕಳಸು. ಈ ಸಲ ನಾಕು ಬೆರಳು ಉದ್ದ ಇರಲಿ.” ಅಷ್ಟೇ.

ನೂಲು ತೆಗೆದುಕೊಂಡು ಹೊಸೆಯಲು ಕೂತೆ. ಎಂದಿನಂತೆ ನನ್ನ ಕೊರಳಿಗೇ ಹಾಕಿ ಅಳತೆ ನೋಡಿದೆ, ಅದರ ಮೇಲೆ ನಾಲ್ಕು ಬೆರಳು ಸೇರಿಸಿದೆ. ಸೇರಿಸುತ್ತಿರುವಾಗಲೇ ಕೈ ನಿಂತಿತು. ಎರಡು ವರ್ಷದ ಹಿಂದೆ ಮಚ್ಛೆಯ ಕಾರ್ಖಾನೆಗೆ ಸೇರಿದಾಗ ನೀನೇ ಏನು ಹೇಳಿದ್ದಿ, ನೆನಪಿದೆಯೇ? “ಲೇಥಿನ ಮುಂದ ಬಗ್ಗಿದ್ರ ಲಿಂಗದ ಕರಡಿಗಿ ಜೋತ ಬೀಳತೈತಿ ಅಕ್ಕಾ. ತಿರಗೂ ಮಶಿನ್ನಿಗೆ ದಾರ ಸಿಕ್ಕಿತಂದ್ರ ಕೊರಳ ಹೋಗತೈತಿ. ಗಿಡ್ಡಂದು ಮಾಡಿಕೊಡು.” ನಾನು ಗಿಡ್ಡ ಮಾಡಿದೆ. ಕರಡಿಗೆ ಅಂಗಿಯ ಮೇಲಿನ ಗುಂಡಿಯ ಒಳಗೆ, ಗಂಟಲ ಕುಳಿಯ ಕೆಳಗೇ ಭದ್ರವಾಗಿ ಕೂರುವ ಹಾಗೆ. ಈಗಲೂ ಅದೇ ಮಶೀನು, ಅದೇ ಕರಡಿಗೆ. ಹಾಗಾದರೆ ದಾರ ಯಾಕೆ ಸಾಲುತ್ತಿಲ್ಲ? ಬದಲಾಗಿದ್ದು ಏನು? ಕೊರಳೇ ಅಲ್ಲವೇ?

ನಾನು ಏಳನೇ ಇಯತ್ತೆಯ ಅರ್ಧಕ್ಕೆ ಸಾಲಿ ಬಿಟ್ಟವಳು. ಆದರೂ ಇಷ್ಟು ಲೆಕ್ಕ ನನಗೆ ಹತ್ತುತ್ತದೆ. ಕೊರಳಲ್ಲಿ ಏನಾಗಿದೆ? ಬಾವೇ? ಗಂಟೇ? ನೋವಿದೆಯೇ? ನುಂಗಲು ಬರುತ್ತದೆಯೇ? ಹೊತ್ತು ಮುಳುಗಿದ ಮೇಲೆ ಜ್ವರ ಬರುತ್ತದೆಯೇ?

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು “ಏನಿಲ್ಲ ತಗೋ” ಅನ್ನುತ್ತೀ, ನಾನು ಅಳುತ್ತೇನೆ, ನೀನು ಕಟ್ ಮಾಡುತ್ತೀ. ಮಳೆ ಹಿಡಿದ ಮೇಲೆ ಇಲ್ಲಿ ರೇಂಜ್ ಸಿಗಬೇಕಾದರೆ ಗುಡಿಯ ಕಟ್ಟೆಯವರೆಗೆ ಹೋಗಬೇಕು, ಅಲ್ಲಿ ನಿಂತು ಅತ್ತರೆ ಊರಿಗೇ ಸುದ್ದಿ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದು ನಮಗೇನು ಹೊಸದೇ? ಮುಂಬೈ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ನೀನು ಒಳಗೆ, ನಾನು ಹೊರಗೆ. ಗಾಜಿಗೆ ಚೀಟಿ ಹಚ್ಚಿ ಹಚ್ಚಿ ಮಾತಾಡಿದೆವು. ಏಳು ವರ್ಷದ ನಿನಗೆ ಒತ್ತಕ್ಷರ ಬರುತ್ತಿರಲಿಲ್ಲ, “ಅಕ” ಅಂತ ಬರೆಯುತ್ತಿದ್ದಿ.

ಅವ್ವ ಇವತ್ತಿಗೂ ಅದನ್ನು “ಮುಂಬೈ ಬ್ಯಾನಿ” ಅನ್ನುತ್ತಾಳೆ. ರಕ್ತದ ಕ್ಯಾನ್ಸರ್ ಅಂತ ಅವಳ ಬಾಯಿಂದ ಒಂದು ದಿನವೂ ಬಂದಿಲ್ಲ. ನನ್ನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನಿನಗೆ ಏರಿಸಿ ಕಳಿಸುವಾಗ ಅಲ್ಲಿಯ ಡಾಕ್ಟರು ಏನು ಹೇಳಿದ್ದರು? ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ಬದುಕಿರುವ ತನಕ. ಕೆಲವು ವರ್ಷ ಹೋದೆವು. ಆಮೇಲೆ ಅಪ್ಪ “ಹುಡುಗ ಗುಣಾ ಆಗ್ಯಾನ, ಇನ್ನ ಯಾಕ ಅಷ್ಟ ದೂರ” ಅಂದ. ಅಲ್ಲಿಗೆ ನಿಂತಿತು. ನನಗೆ ಮಾತ್ರ ಆ “ಬದುಕಿರುವ ತನಕ” ಅನ್ನುವ ಮಾತು ಕಿವಿಯಲ್ಲಿ ಇನ್ನೂ ಇದೆ.

ಸಟ್ಟನೆ ಉತ್ತರ ಬರೆ.

ನಿನ್ನ ಅಕ್ಕ
ನೇತ್ರಾ

ತಾ.ಕ.: ಪತ್ರವನ್ನು ನಡುವಿನ ಎರಡು ರೊಟ್ಟಿಯ ಸಂದಿಯಲ್ಲಿ ಇಟ್ಟಿದ್ದೇನೆ. ಬಸ್ಸು ಖಾನಾಪುರ ಸ್ಟ್ಯಾಂಡಿನಲ್ಲಿ ನಿಂತಾಗ ಅವ್ವ ಉಪ್ಪಿನಕಾಯಿ ಇಡಲು ಚೀಲ ಬಿಚ್ಚುತ್ತಾಳೆ. ಅವಳ ಕಣ್ಣಿಗೆ ಬೀಳಬಾರದು.


ಮಚ್ಛೆ
21 ಜುಲೈ 2024

ಅಕ್ಕಾ, ಶರಣು.

ರೊಟ್ಟಿ ಮೆತ್ತಗಿದ್ದವು. ಚಟ್ನಿಗೆ ಉಪ್ಪು ಸರಿಯಾಗಿತ್ತು. ನಿನ್ನ ಪತ್ರಕ್ಕೆ ಮಾತ್ರ ಎಣ್ಣೆ ಹೆಚ್ಚಾಗಿ ಅರ್ಧ ಓದಲು ಬರಲಿಲ್ಲ. ಓದಿದ ಅರ್ಧವೇ ಹೊಟ್ಟೆ ತುಂಬಿಸಿತು.

ಹೌದು, ಕೊರಳಲ್ಲಿ ಒಂದು ಸಣ್ಣ ಗಂಟಿದೆ. ಗಂಟಲ ಕುಳಿಯ ಎಡಬಾಜು, ಅವರೆಕಾಳಿಗಿಂತ ತುಸು ದೊಡ್ಡದು. ಯುಗಾದಿಯ ಸುತ್ತಮುತ್ತ ಕೈಗೆ ಸಿಕ್ಕಿತು. ನೋವಿಲ್ಲ, ಜ್ವರ ಇಲ್ಲ, ನಿನ್ನ ರೊಟ್ಟಿಯನ್ನೇ ನುಂಗುತ್ತೇನೆ ಅಂದ ಮೇಲೆ ಇನ್ನೇನು ನುಂಗಲು ಕಷ್ಟ? ಬಗ್ಗಿದಾಗ ಕರಡಿಗೆ ಅದರ ಮೇಲೆ ಒತ್ತುತ್ತದೆ, ದಾರ ತಿಕ್ಕುತ್ತದೆ. ಅದಕ್ಕೇ ಉದ್ದ ಕೇಳಿದ್ದು.

ಮುಂದಿನ ತಿಂಗಳು ನನ್ನನ್ನು ಕಾಯಂ ಮಾಡುವ ಮಾತು ನಡೆದಿದೆ. ಈಗ ರಜೆ ಕೇಳಿದರೆ ಚೆನ್ನಾಗಿ ಕಾಣುವುದಿಲ್ಲ. ಮತ್ತೆ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಖಾನಾಪುರದಲ್ಲಿ ನಾನು ಇಪ್ಪತ್ತು ವರ್ಷದವನಾದರೂ “ಪಾಪ, ಆ ಹುಡುಗ” ಆಗಿಯೇ ಇದ್ದೇನೆ. ಮಳೆಯಲ್ಲಿ ನಿಂತರೆ ಬೈಯುತ್ತಾರೆ, ಐಸ್ ತಿಂದರೆ ಬೈಯುತ್ತಾರೆ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ತಡವಾಗಿ ಬಂದರೆ ಎಲ್ಲರಿಗೆ ಬೈದ ಹಾಗೆ ನನಗೂ ಬೈಯುತ್ತಾರೆ. ಅದು ನನಗೆ ಬಹಳ ಸೇರಿದೆ. ನಾನು ಇಲ್ಲಿ ಪೇಶಂಟ್ ಅಲ್ಲ ಅಕ್ಕಾ, ಲೇಥ್ ಓಡಿಸುವ ಟರ್ನರ್.

ದಾರ ಕಳಿಸು. ಸಮೃದ್ಧಿಗೆ ಮಾಮಾನ ಮುತ್ತು.

ನಿನ್ನ ತಮ್ಮ
ಓಂಕಾರ


ಹಲಸಿ
28 ಜುಲೈ 2024

ಚಿರಂಜೀವಿ ಓಂಕಾರನಿಗೆ ಶರಣು.

ದಾರ ಹೊಸೆದು ಮುಗಿಸಿದ್ದೇನೆ. ನೀನು ಹೇಳಿದಂತೆ ನಾಲ್ಕು ಬೆರಳು ಉದ್ದವೇ ಇದೆ. ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಅಲ್ಲೇ ಇರುತ್ತದೆ. ಡಾಕ್ಟರಿಗೆ ಕೊರಳು ತೋರಿಸಿದ ದಿನ ಕಳಿಸುತ್ತೇನೆ.

ಅತ್ತೆ ನೋಡಿದರು. ನಮ್ಮ ಸಾವಂತ್ರವ್ವ ಅತ್ತೆಯ ಬಾಯಿ ನಿನಗೆ ಗೊತ್ತೇ ಇದೆ.

“ಲಿಂಗದ ದಾರದ ಮ್ಯಾಲ ಹಟಾ ಮಾಡ್ತಿಯೇನ? ಪಾಪ ಹತ್ತತೈತಿ ನಿನಗ.”

“ಹತ್ತಲಿ ಬಿಡ್ರಿ ಅತ್ತಿ, ನನಗ ಹತ್ತಲಿ. ಅವ ದವಾಖಾನಿಗೆ ಹೋಗಲಿ.”

“ದಿನಾ ಒಂದು ಹೆದರಿಕಿ ನಿಂದು. ನಿನ್ನಿ ಹಾಲು ಉಕ್ಕಿತು, ಹೆದರಿದಿ. ಮೊನ್ನಿ ಬೆಕ್ಕು ಬರಲಿಲ್ಲಂತ ಹೆದರಿದಿ.”

ಖರೇ. ನಾನು ಹೆದರುವವಳೇ. ಬಸ್ಸು ತಡವಾದರೆ ಹೆದರುತ್ತೇನೆ, ಬೇಗ ಬಂದರೆ ಡ್ರೈವರ್ ಎಷ್ಟು ಜೋರಾಗಿ ಓಡಿಸಿರಬೇಕು ಅಂತ ಹೆದರುತ್ತೇನೆ. ಅವೆಲ್ಲ ಸುಳ್ಳಾದವು, ದೇವರ ದಯೆ. ಹಾಗಂತ ಖರೇ ಹೆದರಬೇಕಾದ ಜಾಗದಲ್ಲಿ ಸುಮ್ಮನೆ ಕೂತಿರಲೇ?

ನೀನು ಟರ್ನರ್ ಹೌದು. ಮಶೀನಿನಲ್ಲಿ ಇಲ್ಲದ ಸಪ್ಪಳ ಬಂದರೆ ಏನು ಮಾಡುತ್ತೀ? “ಇರಲಿ ಬಿಡು, ನೋವಿಲ್ಲ” ಅಂತ ಓಡಿಸುತ್ತೀಯೋ, ನಿಲ್ಲಿಸಿ ನೋಡುತ್ತೀಯೋ?

ರೊಟ್ಟಿ ಇವೆ, ಹೆಸರುಕಾಳು ಪಲ್ಯೆ ಇದೆ. ದಾರ ಇಲ್ಲ.

ನಿನ್ನ ಅಕ್ಕ
ನೇತ್ರಾ


ಮಚ್ಛೆ
11 ಆಗಸ್ಟ್ 2024

ಅಕ್ಕಾ,

ಶಿವದಾರ ಪೇಟೆಯಲ್ಲೂ ಸಿಗುತ್ತದೆ. ಶ್ರಾವಣ ಸೋಮವಾರ ಬೆಳಗಾವಿಯ ಅಂಗಡಿಯಲ್ಲಿ ಉದ್ದನೆಯದೇ ಕೊಂಡು ಹಾಕಿಕೊಂಡಿದ್ದೇನೆ. ನಿನ್ನದು ನಿನ್ನ ಜಗಲಿಯ ಮೇಲೇ ಇರಲಿ.

ಇನ್ನು ರೊಟ್ಟಿಯನ್ನೂ ತಡೆಯುವವಳಿದ್ದರೆ ಮೊದಲೇ ಹೇಳು, ಮೆಸ್ಸು ನೋಡಿಕೊಳ್ಳುತ್ತೇನೆ.

ಓಂಕಾರ


ಮಚ್ಛೆ
25 ಆಗಸ್ಟ್ 2024

ಅಕ್ಕಾ, ಶರಣು.

ಸಿಟ್ಟು ಇಳಿದಿದೆ. ಪೂರಾ ಇಳಿದಿಲ್ಲ, ಬರೆಯುವಷ್ಟು ಇಳಿದಿದೆ.

ಕಳೆದ ವಾರ ಬಸ್ಸು ನಿಂತಿತು, ಕಂಡಕ್ಟರ್ ಬಾಳಾಸಾಹೇಬ “ರೊಟ್ಟಿ ಓಂಕಾರಾ!” ಅಂತ ಎಂದಿನ ಹಾಗೆ ಕೂಗಿದ. ಚೀಲ ತೆಗೆದುಕೊಳ್ಳಲು ನಾನು ಗೇಟಿನಿಂದ ಓಡಿ ಬಂದರೆ ಚೀಲದ ಬದಲು ನೀನೇ ಇಳಿದೆ, ಕಂಕುಳಲ್ಲಿ ಸಮೃದ್ಧಿ ಬೇರೆ. ಹೇಗಿದ್ದೀ ಅಂತ ಕೂಡ ಕೇಳಲಿಲ್ಲ. ಕೂಸನ್ನು ಕಂಡಕ್ಟರನ ಕೈಗೆ ಕೊಟ್ಟು, ಇಡೀ ಶಿಫ್ಟಿನವರ ಮುಂದೆ ಎರಡೂ ಕೈಯಿಂದ ನನ್ನ ಕೊರಳು ಹಿಡಿದೆ. ಗೇಟು ಕಾಯುವ ಸಿದರಾಯ ಕೋಲು ಬಿಸಾಡಿ ಓಡಿ ಬಂದದ್ದು ನೀನು ನೋಡಲಿಲ್ಲ, ನೀನು ಕಣ್ಣು ಮುಚ್ಚಿಕೊಂಡಿದ್ದೆ.

“ಬಿಡ್ರೀ ಯಕ್ಕಾ, ಬಿಡ್ರೀ! ಸಾಯತಾನ ಹುಡುಗ!”

“ಸಾಯಬಾರದಂತನ ಹಿಡಿದೇನಿ. ನೀವು ಸುಮ್ನಿರ್ರಿ.”

ಆ ಮಾತು ಈಗ ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದೆ. ಯಾರು ಯಾರ ಕೈ ಹಿಡಿದರೂ “ಸಾಯಬಾರದಂತನ ಹಿಡಿದೇನಿ” ಅನ್ನುತ್ತಾರೆ.

ನೀನು ತಿರುಗಿ ಬಸ್ಸು ಹತ್ತಿದ ಮೇಲೆ ಸೂಪರ್‌ವೈಸರ್ ಕರೆದು ಏನು ವಿಷಯ ಅಂದರು. ಸುಳ್ಳು ಹೇಳಲು ಹೋದೆ, ಬರಲಿಲ್ಲ. ರಕ್ತದ ಕ್ಯಾನ್ಸರ್, ಮುಂಬೈ, ಅಕ್ಕನ ಮಜ್ಜೆ, ಎಲ್ಲ ಹೇಳಿಬಿಟ್ಟೆ. ಎರಡು ವರ್ಷ ಮುಚ್ಚಿಟ್ಟದ್ದು ಚಹಾ ಕುಡಿಯುವ ಹೊತ್ತಿನಲ್ಲಿ ಮುಗಿಯಿತು. ಯಾರೂ ಪಾಪ ಅನ್ನಲಿಲ್ಲ. ಸಿದರಾಯ ಮಾತ್ರ ತುಸು ಯೋಚನೆ ಮಾಡಿ ಅಂದ:

“ಅಂದ್ರ ನಿನ್ನ ಮೈಯಾಗ ಓಡೂದು ನಿಮ್ಮಕ್ಕನ ರಕ್ತಾ! ಅದಕ್ಕ ಅಷ್ಟ ಬಾಯಿ ನಿಂದು.”

ಅರ್ಧ ದಿನದ ರಜೆ ಅವರೇ ಕೊಟ್ಟರು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನಿಷಾ ಅಂತ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ, ಅವರ ಕಡೆ ಹೋಗಿದ್ದೆ. ಮೊದಲು ಸಹಜವಾಗಿಯೇ ಕೊರಳು ಒತ್ತಿ ನೋಡಿದರು. ಸಣ್ಣವನಿದ್ದಾಗ ಏನಾದರೂ ದೊಡ್ಡ ಬ್ಯಾನಿ ಆಗಿತ್ತೇ ಅಂದರು. ಹೇಳಿದೆ. ಪೆನ್ನು ಕೆಳಗಿಟ್ಟರು.

“ಮಜ್ಜಿ ಹಾಕೂಕಿಂತ ಮದ್ಲ ಇಡೀ ಮೈಗೆ ರೇಡಿಯೇಷನ್ ಕೊಟ್ಟಿದ್ರೇನು?”

“ಹೌದ್ರಿ, ದೊಡ್ಡ ಮಶಿನ್ನಿನ ಮುಂದ ಅಲ್ಲಾಡಬ್ಯಾಡಂತ ಮಲಗಿಸಿದ್ದು ನೆನಪೈತಿ.”

“ಹಂಗಾರ ಇದನ್ನ ನಾಳಿಗೆ ಅಂತ ಇಡೂದು ಬ್ಯಾಡ” ಅಂದು ಅಂದೇ ಸ್ಕ್ಯಾನಿಗೆ ಕಳಿಸಿದರು. ಗಂಟು ಥೈರಾಯ್ಡ್ ಗ್ರಂಥಿಯಲ್ಲಿದೆಯಂತೆ. ಸೂಜಿ ಹಾಕಿ ಸ್ವಲ್ಪ ತೆಗೆದು ತಪಾಸಣೆಗೆ ಕೊಟ್ಟಿದ್ದಾರೆ. ರಿಪೋರ್ಟು ಇನ್ನೂ ಬರಬೇಕು.

ಸಾಕೇ? ಈಗ ಸಮಾಧಾನವೇ?

ನಿನ್ನ ತಮ್ಮ
ಓಂಕಾರ


ಹಲಸಿ
8 ಸೆಪ್ಟೆಂಬರ್ 2024

ಓಂಕಾರಾ,

ಕಳೆದ ವಾರ ಬರೀ ರೊಟ್ಟಿ ಕಳಿಸಿದೆ, ಪತ್ರ ಇಡಲಿಲ್ಲ. ಮಳೆ ತುಸು ಬಿಟ್ಟು ಈಗ ಮನೆಯಲ್ಲೂ ರೇಂಜ್ ಸಿಗುತ್ತಿದೆ; ನೀನು ಎರಡು ಸಲ ಫೋನ್ ಮಾಡಿದ್ದೆಯಂತೆ, ಅತ್ತೆ ಹೇಳಿದರು. ನಾನು ಹಿತ್ತಲಲ್ಲೇ ಇದ್ದೆ. ಬೇಕಂತಲೇ ಬರಲಿಲ್ಲ.

ನೀನು ಕೇಳಿದೆಯಲ್ಲ, ಸಮಾಧಾನವೇ ಅಂತ. ನಿನ್ನನ್ನು ಡಾಕ್ಟರ ಕಡೆ ಅಟ್ಟುವ ತನಕ ನನಗೆ ಒಂದೇ ಕೆಲಸ ಇತ್ತು, ಅದರಲ್ಲಿ ಬೇರೆ ಏನೂ ಹೊಳೆಯಲಿಲ್ಲ. ಗೇಟಿನ ಸಿದರಾಯಪ್ಪ ನಗಾಡಲು ಅಂದ ಮಾತು ಓದಿದಾಗ ಹೊಳೆಯಿತು. ನಿನ್ನ ಮೈಯಲ್ಲಿ ಓಡುವುದು ನನ್ನ ರಕ್ತ. ಎಲ್ಲರೂ ಇಷ್ಟು ವರ್ಷ ಅದನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕ ಜೀವ ಕೊಟ್ಟಳು, ಅಕ್ಕನಿಂದ ಉಳಿದ. ನನಗೂ ಒಳಗೊಳಗೆ ಅದೊಂದು ಹೆಮ್ಮೆ. ಸಾಲಿ ಅರ್ಧಕ್ಕೆ ಬಿಟ್ಟವಳು, ಏನೂ ಸಾಧಿಸದವಳು, ಆದರೆ ಒಬ್ಬನ ಒಳಗೆ ಇದ್ದೇನೆ ಅಂತ.

ಈಗ ನಿನ್ನ ಕೊರಳಲ್ಲಿ ಗಂಟು ಬಂದಿದೆ. ನಿನ್ನ ಹಳೆಯ ರಕ್ತವನ್ನು ಪೂರಾ ತೆಗೆದಿದ್ದರು. ಉಳಿದದ್ದು ನನ್ನದೇ. ಹಾಗಾದರೆ ಗಂಟು ಎಲ್ಲಿಂದ ಬಂತು? ನಾನು ಕೊಟ್ಟದ್ದರಲ್ಲೇ ಏನಾದರೂ ಇತ್ತೇ?

ಇದನ್ನು ನಮ್ಮ ಮನೆಯವರ ಮುಂದೆ ಹೇಳಿದರೆ ನಗುತ್ತಾರೆ, ಅತ್ತೆಯ ಮುಂದೆ ಹೇಳಿದರೆ ದೃಷ್ಟಿ ತೆಗೆಯುತ್ತಾರೆ. ದಿನಾ ಸಮೃದ್ಧಿಗೆ ನೀರು ಎರೆಯುವಾಗ ಅವಳ ಕೊರಳು ಒತ್ತಿ ಒತ್ತಿ ನೋಡುತ್ತೇನೆ. ಅದಕ್ಕೆ ಕುಳುಕುಳು ಆಗಿ ನಗು. “ಸಾಕು ಬಿಡ ಅವ್ವಾ” ಅನ್ನುತ್ತದೆ. ಅದು ನಕ್ಕಷ್ಟೂ ನಾನು ಮತ್ತೊಮ್ಮೆ ಒತ್ತಿ ನೋಡುತ್ತೇನೆ. ಅವಳದೂ ನನ್ನ ರಕ್ತವೇ ತಾನೇ.

ನಿಮ್ಮ ಮನಿಷಾ ಡಾಕ್ಟರನ್ನು ಕೇಳು. ನನ್ನ ಹೆಸರು ಹೇಳಿ ಕೇಳು. ಸುಳ್ಳು ಸಮಾಧಾನ ಬೇಡ ಅಂತಲೂ ಹೇಳು. ನನ್ನಿಂದಲೇ ಬಂದಿದ್ದರೆ ಬಂದಿದೆ ಅಂತ ತಿಳಿದುಕೊಂಡು ಬಾಳುವ ಗಟ್ಟಿತನ ನನಗಿದೆ. ಗೊತ್ತಿಲ್ಲದೆ ಬಾಳುವುದು ಆಗುವುದಿಲ್ಲ.

ಜಗಲಿಯ ಮೇಲಿನ ದಾರವನ್ನು ನಾನು ಮುಟ್ಟಿಲ್ಲ.

ನಿನ್ನ ಅಕ್ಕ
ನೇತ್ರಾ

ಓಂಕಾರ, ನಾ ಅವ್ವ ಬರಿಯಾಕ ಹತ್ತೇನಿ. ಖಾನಾಪುರ ಸ್ಟ್ಯಾಂಡಿನ್ಯಾಗ ಕುಂತು ಇದನ್ನ ಓದಿದೆ. ಹಿಂದಿನವೂ ಓದೇನಿ. ನಡುವಿನ ರೊಟ್ಟಿ ಯಾಕ ಉಬ್ಬೇದಂತ ನನಗ ತಿಳಿಯೂದಿಲ್ಲೇನು? ಅಪ್ಪಗ ಹೇಳೇನಿ. ನೇತ್ರಾಗ ಇನ್ನೂ ಹೇಳಿಲ್ಲ, ಅಕಿ ಹೆದರತಾಳ. ರಿಪೋರ್ಟಿನ್ಯಾಗ ಕ್ಯಾನ್ಸರ್ ಇದ್ರ ಕ್ಯಾನ್ಸರ್ ಅಂತನ ಬರಿ. ಒಮ್ಮೆ ಅದರ ಕಡಿಂದ ನಿನ್ನ ಕಸಗೊಂಡು ಬಂದಾಕಿ ನಾನು, ಹೆಸರಿಗೆ ಹೆದರೂದಿಲ್ಲ ಇನ್ನ. ಉಪ್ಪಿನಕಾಯಿ ಮಾವಿಂದೈತಿ. — ಗಂಗಾದೇವಿ


ಮಚ್ಛೆ
15 ಸೆಪ್ಟೆಂಬರ್ 2024

ಅಕ್ಕಾ, ಅವ್ವಾ, ಇಬ್ಬರಿಗೂ ಶರಣು.

ಅಕ್ಕಾ, ನಿನ್ನ ರೊಟ್ಟಿಯ ಗುಟ್ಟು ಖಾನಾಪುರದಲ್ಲಿ ಮೊದಲಿನಿಂದಲೂ ಬಯಲಾಗಿದೆ. ನಿನ್ನ ಪತ್ರದ ಕೆಳಗೆ ಅವ್ವ ಬರೆದದ್ದನ್ನು ಇದರ ಜೊತೆ ತಿರುಗಿ ಕಳಿಸಿದ್ದೇನೆ. ಇನ್ನು ಮುಚ್ಚಿಟ್ಟು ಮಾಡುವುದೇನಿಲ್ಲ, ಈ ಪತ್ರವನ್ನು ಚೀಲದ ಮೇಲ್ಗಡೆಯೇ ಇಟ್ಟಿದ್ದೇನೆ.

ರಿಪೋರ್ಟು ಬಂತು. ಅವ್ವ ಹೇಳಿದ ಹಾಗೆ ಹೆಸರಿಟ್ಟೇ ಬರೆಯುತ್ತೇನೆ. ಕ್ಯಾನ್ಸರ್. ಥೈರಾಯ್ಡಿನದು. ನಿಧಾನ ಬೆಳೆಯುವ ಜಾತಿಯದು, ಇದ್ದ ಜಾಗದಲ್ಲೇ ಇದೆ, ಆಪರೇಶನ್ ಮಾಡಿ ತೆಗೆದರೆ ಹೆಚ್ಚಿನವರು ಪೂರಾ ಗುಣ ಆಗುತ್ತಾರೆ ಅಂದರು. ಈಗ ಕೂತು ಮುಂದಿನದು ಓದು. ನಿಂತು ಓದಬೇಡ.

ನಿನ್ನ ಪ್ರಶ್ನೆಯನ್ನು ನಿನ್ನ ಮಾತಿನಲ್ಲೇ ಕೇಳಿದೆ. ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು.

“ನಿಮ್ಮಕ್ಕಗ ಖರೇ ಹೇಳು. ಅಕಿ ಮಜ್ಜಿ ನಿನ್ನ ಎಲುಬಿನ್ಯಾಗ ಅದ, ರಕ್ತಾ ಮಾಡಾಕ ಹತ್ತೇದ, ಛಲೋ ಮಾಡಾಕ ಹತ್ತೇದ. ಈ ಗ್ರಂಥಿ ಅಕಿದಲ್ಲ. ಹುಟ್ಟಿದಾಗಿಂದ ನಿಂದ. ಗಂಟು ಆಗಿದ್ದು ನಿನ್ನ ಗ್ರಂಥಿಯೊಳಗ.”

“ಮತ್ತ ಯಾಕ ಆತ್ರೀ?”

“ಹಳೇ ಕ್ಯಾನ್ಸರ್ ಪೂರಾ ಸುಟ್ಟು ಅಕ್ಕನ ಮಜ್ಜಿಗೆ ಜಾಗಾ ಮಾಡಾಕ ಇಡೀ ಮೈಗೆ ರೇಡಿಯೇಷನ್ ಕೊಟ್ಟಿದ್ರು. ಸಣ್ಣ ಹುಡುಗನ ಕೊರಳಿಗೂ ಅದು ತಾಗೇದ. ಅದರ ಪರಿಣಾಮ ಹಿಂಗ ಭಾಳ ವರ್ಷ ಆದ ಮ್ಯಾಲ ಕಾಣಸಬಹುದು. ಎಲ್ಲಾರಿಗೂ ಅಲ್ಲ, ಕೆಲವರಿಗೆ.”

ನನಗೆ ಸಿಟ್ಟು ಬಂತು ಅಕ್ಕಾ. ಯಾರ ಮೇಲೆ ಗೊತ್ತಿಲ್ಲ. ಹಾಗಾದರೆ ಆವಾಗ ಕೊಡಬಾರದಿತ್ತಲ್ಲರೀ ಅಂದೆ. ಅವರು ಬೈಯಲಿಲ್ಲ.

“ಕೊಡದಿದ್ರ ಈ ಪ್ರಶ್ನೆ ಕೇಳಾಕ ನೀ ಇರತಿದ್ದಿಲ್ಲ. ಅವರು ನಿನಗ ವರ್ಷಾ ವರ್ಷಾ ಬಾ ಅಂದಿದ್ದು ಇದಕ್ಕ. ನೀವು ಬಿಟ್ರಿ. ಅದೊಂದು ತಪ್ಪಾತು. ನಿಮ್ಮಕ್ಕ ಬಿಡಲಿಲ್ಲ, ಅದಕ್ಕ ಹೊತ್ತಿಗೆ ಸರಿಯಾಗಿ ಸಿಕ್ಕೇತಿ.”

ಸಮೃದ್ಧಿಯ ವಿಷಯವನ್ನೂ ಕೇಳಿದೆ. ಅವಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವಳಿಗೆ ರೇಡಿಯೇಷನ್ ಯಾರು ಕೊಟ್ಟಿದ್ದಾರೆ? “ಕೂಸಿನ ಕೊರಳ ಬಿಡಾಕ ಹೇಳು, ಪಾಪ” ಅಂದು ನಕ್ಕರು.

ಅಕ್ಟೋಬರಿನಲ್ಲಿ ಬೆಳಗಾವಿಯಲ್ಲೇ ಆಪರೇಶನ್. ಸೂಪರ್‌ವೈಸರಿಗೆ ಹೇಳಿದೆ. “ಹೋಗಿ ಬಾ, ನಿನ್ನ ಲೇಥ್ ಎಲ್ಲೂ ಓಡಿ ಹೋಗೂದಿಲ್ಲ” ಅಂದರು. ಕಾಯಂ ಮಾಡುವ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಒಂದು ಮಾತು ನಿನಗೆ ಮಾತ್ರ, ಅವ್ವ ಓದಿದರೂ ಓದಲಿ. ರಿಪೋರ್ಟು ತೆಗೆದುಕೊಂಡು ಬಸ್ಸಿನಲ್ಲಿ ಬರುವಾಗ ನಾನು ಬಹಳ ಹೆದರಿದೆ. ಮಳೆಗೆ ಕಿಟಕಿಯ ಗಾಜು ಮಬ್ಬಾಗಿತ್ತು. ಬೆರಳಿನಿಂದ ಅದರ ಮೇಲೆ ಏನೋ ಗೀಚುತ್ತಾ ಕೂತಿದ್ದೆ. ನೋಡಿದರೆ “ಅಕ” ಅಂತ ಬರೆದಿದ್ದೆ.

ನಿನ್ನ ತಮ್ಮ
ಓಂಕಾರ


ಹಲಸಿ
22 ಸೆಪ್ಟೆಂಬರ್ 2024

ಚಿರಂಜೀವಿ ಓಂಕಾರನಿಗೆ ಶರಣು.

ಕೂತೇ ಓದಿದೆ. ಆಮೇಲೆ ಕಟ್ಟೆಯ ಮೇಲೆ ಕೂತು ಇನ್ನೊಮ್ಮೆ ಓದಿದೆ. ಕ್ಯಾನ್ಸರ್ ಅನ್ನುವ ಅಕ್ಷರದ ಮೇಲೆ ಕಣ್ಣೀರು ಬಿತ್ತು, ನಿಜ. ಅದರ ಮುಂದಿನ ಮಾತುಗಳ ಮೇಲೆ ಬೀಳಲಿಲ್ಲ.

ಇವತ್ತು ಸಮೃದ್ಧಿಗೆ ಎರೆದೆ. ಕೊರಳು ಒತ್ತಲಿಲ್ಲ. ಅವಳೇ ಗದ್ದ ಮೇಲೆತ್ತಿ ಕಾಯುತ್ತಾ ಕೂತಳು, “ಇವತ್ತ ಕುಳುಕುಳು ಇಲ್ಲೇನು?” ಅಂತ.

ಅವ್ವನಿಗೆ ಫೋನ್ ಮಾಡಿ, ನನಗೆ ಯಾಕೆ ಹೇಳಲಿಲ್ಲ ಅಂತ ಜಗಳ ತೆಗೆದೆ. “ನೀ ನನಗ ಹೇಳಿದ್ದಿಯೇನ?” ಅಂದಳು. ಜಗಳ ಅಲ್ಲಿಗೇ ಮುಗಿಯಿತು. ಅಪ್ಪ ತನ್ನ ಗಿರಣಿ ಬಂದ್ ಮಾಡಿ ಮುಂಬೈಯ ಹಳೆಯ ಕಾಗದಗಳನ್ನೆಲ್ಲ ಹುಡುಕಿ ಇಟ್ಟಿದ್ದಾನಂತೆ. ಎರಡು ದಿನ ಊಟ ಸರಿಯಾಗಿ ಮಾಡಿಲ್ಲ. ನೀನು ಅವನಿಗೆ ತಪ್ಪು ಅನ್ನಬೇಡ. ಗುಣ ಆಗಿದೆ ಅಂತ ನಂಬುವ ಆಸೆ ಎಲ್ಲರಿಗಿಂತ ಅವನಿಗೇ ಹೆಚ್ಚಿತ್ತು.

ಚೀಲದಲ್ಲಿ ಒಂದು ತುಂಡು ದಾರ ಇದೆ. ಇದು ಜಗಲಿಯದಲ್ಲ, ಹೊಸದು. ಆಪರೇಶನ್ ಆದ ಮೇಲೆ ಗಾಯಕ್ಕೆ ದಾರ ತಾಗಬಾರದು, ಲಿಂಗ ಮೈಯಿಂದ ದೂರವೂ ಇರಬಾರದು. ಏನು ಮಾಡುವುದು ಅಂತ ನಾನು ಒದ್ದಾಡುತ್ತಿದ್ದರೆ ಅತ್ತೆ ಅಂದರು: “ಎಷ್ಟ ಚಿಂತಿ ಮಾಡ್ತಿ, ತೋಳಿಗೆ ಕಟ್ಟಿಕೊಳ್ಳಾಕ ಹೇಳು. ನಮ್ಮಜ್ಜ ಜನ್ಮಾನ ತೋಳಿನ್ಯಾಗ ಕಟ್ಟಿಕೊಂಡಿದ್ದ.” ತೋಳಿನ ಅಳತೆ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರ ತೋಳು ದಪ್ಪ. ಕಡೆಗೆ ನನ್ನ ತೋಳಿಗೇ ಸುತ್ತಿ ನೋಡಿದೆ.

ನಾನು ಒಂದು ದಿನ ಮೊದಲೇ ಬರುತ್ತೇನೆ. ಈ ಸಲ ಕೊರಳು ಹಿಡಿಯುವುದಿಲ್ಲ.

ನಿನ್ನ ಅಕ್ಕ
ನೇತ್ರಾ


ಆಸ್ಪತ್ರೆ, ಬೆಳಗಾವಿ
9 ಅಕ್ಟೋಬರ್ 2024

ಮಾತಾಡಬ್ಯಾಡ ಅಂದಾರ. ದನಿ ಬರವಲ್ದು. ನೀರು ಬೇಕು. ನೀ ಯಾಕ ಅಳಾಕ ಹತ್ತಿ?
— ಓಂ

ಅಳಾಕ ಹತ್ತಿಲ್ಲ. ಉಳ್ಳಾಗಡ್ಡಿ ಹೆಚ್ಚಿ ಬಂದೇನಿ.
— ನೇ

ದವಾಖಾನ್ಯಾಗ ಉಳ್ಳಾಗಡ್ಡಿ?
— ಓಂ

ನಗಬ್ಯಾಡ, ಹೊಲಿಗಿ ಬಿಚ್ಚತಾವು. ಡಾಕ್ಟರ್ ಪೂರಾ ತಗದೇವಿ ಅಂದಾರ. ಪೂರಾ ಅಂದಾರ. ಮಲಗು.
— ನೇ

ನಿನಗ ಮಾತ ಬರತಾವಲ್ಲ, ನೀ ಯಾಕ ಬರಿಯಾಕ ಹತ್ತಿ?
— ಓಂ


ಮಚ್ಛೆ
16 ಫೆಬ್ರುವರಿ 2025

ಅಕ್ಕಾ, ಶರಣು.

ದನಿ ಈಗ ಪೂರಾ ಬಂದಿದೆ. ಸಿದರಾಯನಿಗೆ ಬೇಜಾರಾಗಿದೆ. “ಎರಡು ತಿಂಗಳ ಎಷ್ಟ ಛಲೋ ಇತ್ತು, ನೀ ಸುಮ್ನಿದ್ದಿ” ಅಂತಾನೆ. ಬೆಳಿಗ್ಗೆ ಎದ್ದ ಕೂಡಲೇ ಬರಿ ಹೊಟ್ಟೆಯಲ್ಲಿ ಥೈರಾಯ್ಡಿನ ಒಂದು ಗುಳಿಗೆ ನುಂಗಬೇಕು, ಜನ್ಮ ಇರುವ ತನಕ. ನುಂಗಿ ಆಮೇಲೆ ಚಹಾ. ಅಷ್ಟೇ. ಮೊನ್ನೆಯ ತಪಾಸಣೆಯಲ್ಲಿ ಏನೂ ಉಳಿದಿಲ್ಲ ಅಂದರು. ಮನಿಷಾ ಡಾಕ್ಟರು ಮುಂಬೈಯವರಿಗೂ ಬರೆದಿದ್ದಾರೆ. ಇನ್ನು ವರ್ಷಕ್ಕೊಮ್ಮೆ ಕೊರಳಷ್ಟೇ ಅಲ್ಲ, ಕಣ್ಣು, ಚರ್ಮ, ಹೃದಯ, ಎಲ್ಲ ನೋಡಿಸಬೇಕು. ಮೇ ತಿಂಗಳಲ್ಲಿ ಅಪ್ಪನೇ ಕರೆದುಕೊಂಡು ಹೋಗುತ್ತಾನಂತೆ. ನಾನು ಒಬ್ಬನೇ ಹೋಗುತ್ತೇನೆ ಅಂದರೆ ಕೇಳುತ್ತಿಲ್ಲ. ಕರೆದುಕೊಂಡು ಹೋಗಲಿ ಬಿಡು ಅಂತ ಸುಮ್ಮನಾದೆ.

ಕಾಯಂ ಆರ್ಡರು ಕೈಗೆ ಬಂತು. ಇದನ್ನು ನಿಜವಾಗಿ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಆದರೆ ನೀನು ಮೊದಲು ಹುಡುಕುವುದು ಕೊರಳನ್ನೇ ಅಂತ ಗೊತ್ತು.

ಈಗ ಒಂದು ಕೆಲಸ. ಗಾಯ ಮಾದು ಗೆರೆಯಷ್ಟೇ ಉಳಿದಿದೆ. ಲಿಂಗವನ್ನು ತೋಳಿನಿಂದ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡೆ, ಪೇಟೆಯ ಆ ಉದ್ದ ದಾರದಲ್ಲಿ. ನಿನ್ನೆ ಬಗ್ಗಿದಾಗ ಕರಡಿಗೆ ಅಂಗಿಯಿಂದ ಹೊರಬಂದು ಲೇಥಿನ ಮೇಲೆ ಜೋತಾಡಿತು. ಸೂಪರ್‌ವೈಸರ್ ನೋಡಿದರು.

“ಏ ಓಂಕಾರ, ಒಮ್ಮೆ ಕೊರಳ ಉಳಿಸಿಕೊಂಡು ಬಂದಿ, ಮತ್ತ ಮಶಿನ್ನಿಗೆ ಕೊಡ್ತಿಯೇನ? ದಾರ ಗಿಡ್ಡ ಮಾಡು, ಇಲ್ಲಾ ನಿಮ್ಮಕ್ಕನ ಕರಸತೇನಿ.”

ಶಿವರಾತ್ರಿಯೊಳಗೆ ಮೊದಲಿನ ಅಳತೆಯದು ಕಳಿಸು.

ನಿನ್ನ ತಮ್ಮ
ಓಂಕಾರ


ಹಲಸಿ
23 ಫೆಬ್ರುವರಿ 2025

ಚಿರಂಜೀವಿ ಓಂಕಾರನಿಗೆ ಶರಣು.

ಹೊಸ ನೂಲು ತೆಗೆಯಲಿಲ್ಲ. ಶ್ರಾವಣದಿಂದ ಜಗಲಿಯ ಮೇಲೇ ಕಾಯುತ್ತಿತ್ತಲ್ಲ, ನಿನಗೆ ಕಳಿಸದೆ ತಡೆದಿಟ್ಟ ದಾರ, ಅದನ್ನೇ ಕೆಳಗಿಳಿಸಿದೆ. ಅತ್ತೆ ನೋಡಿ “ಅಂತೂ ಪಾಪ ತೀರತು ನಿಂದು” ಅಂದರು. ನನ್ನ ಕೊರಳಿಗೆ ಹಾಕಿಕೊಂಡು ಅಳತೆ ನೋಡಿದೆ. ಹೆಚ್ಚಾಗಿದ್ದ ನಾಲ್ಕು ಬೆರಳನ್ನು ಕತ್ತರಿಸಿ, ತುದಿ ಗಂಟು ಹಾಕಿ, ವಿಭೂತಿ ಹಚ್ಚಿ ಚೀಲದಲ್ಲಿ ಇಟ್ಟಿದ್ದೇನೆ. ರೊಟ್ಟಿಯ ನಡುವೆ ಅಲ್ಲ, ಮೇಲ್ಗಡೆಯೇ. ಅವ್ವನಿಗೂ ಕಾಣಲಿ, ಬಾಳಾಸಾಹೇಬನಿಗೂ ಕಾಣಲಿ.

ಹಾಕಿಕೊಂಡು ನೋಡು. ಸರಿಯಾಗಿ ಕೂರುತ್ತದೆ. ನನಗೆ ಅನುಮಾನ ಇಲ್ಲ. ನಾನು ಹೀಗೆ ಬರೆದದ್ದನ್ನು ಓದಿ ನಿನಗೆ ಆಶ್ಚರ್ಯ ಆಗಬಹುದು, ಆದರೂ ಇಲ್ಲ.

ಕತ್ತರಿಸಿದ ಆ ನಾಲ್ಕು ಬೆರಳಿನ ತುಂಡು ನನ್ನ ಕಡೆಯೇ ಇರುತ್ತದೆ. ಮತ್ತೆ ಯಾವತ್ತಾದರೂ ದಾರ ಸಾಲದು ಅನ್ನಿಸಿದರೆ ಚೀಟಿ ಬರೆಯಬೇಡ.

ಕೊರಳು ತಗೊಂಡು ಬಾ.

ನಿನ್ನ ಅಕ್ಕ
ನೇತ್ರಾ